ಪ್ರೌಢಶಾಲೆಯ ಅಂಗಳದಲ್ಲಿ ಹಳಗನ್ನಡ

ಹಳಗನ್ನಡ ಕಾವ್ಯಕ್ಕೆ ಇಂದು ಎರಡು ಬಗೆಯ ಓದುಗರಿದ್ದಾರೆ. ಮೊದಲನೆಯವರು ಸಂಶೋಧಕರು, ಅಧ್ಯಾಪಕರು, ಸ್ನಾತಕೋತ್ತರ ವಿದ್ಯಾರ್ಥಿಗಳು. ಇವರು ತಾವಾಗಿ ಆಯ್ದುಕೊಂಡು ಓದುತ್ತಾರೆ, ಪಾಠಾಂತರಗಳನ್ನು ಹೋಲಿಸುತ್ತಾರೆ, ಬರೆದುದನ್ನು ತಮ್ಮಂಥವರೇ ಓದುತ್ತಾರೆಂಬ ಭರವಸೆಯಿಂದ ಬರೆಯುತ್ತಾರೆ. ಎರಡನೆಯವರು ಹದಿನಾಲ್ಕು ಹದಿನೈದರ ಹರೆಯದ ಪ್ರೌಢಶಾಲೆಯ ಮಕ್ಕಳು. ಇವರು ಆಯ್ದುಕೊಂಡವರಲ್ಲ. ಕರ್ನಾಟಕದಲ್ಲಿ ಪ್ರತಿವರ್ಷ ಎಂಟು ಲಕ್ಷಕ್ಕೂ ಮಿಗಿಲಾದ ವಿದ್ಯಾರ್ಥಿಗಳು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೆಸರು ನೋಂದಾಯಿಸುತ್ತಾರೆ. ಅವರಲ್ಲಿ ಕನ್ನಡವನ್ನು ಪ್ರಥಮಭಾಷೆಯಾಗಿ ಓದುವವರ ಸಂಖ್ಯೆಯೇ ದೊಡ್ಡದು. ಪಂಪ, ರನ್ನ, ಜನ್ನ, ರತ್ನಾಕರವರ್ಣಿ ಎಂಬ ಹೆಸರುಗಳು ಇವರಲ್ಲಿ ಬಹುಪಾಲು ಜನರ ಬಾಳಿನಲ್ಲಿ ಒಮ್ಮೆ ಮಾತ್ರ, ಪ್ರೌಢಶಾಲೆಯ ಬೆಂಚಿನ ಮೇಲೆ, ಬಂದು ಹೋಗುತ್ತವೆ. ಮೊದಲ ವರ್ಗದ ಓದುಗರ ಅಭಿಪ್ರಾಯಗಳಿಂದ ಗ್ರಂಥಾಲಯಗಳು ತುಂಬಿವೆ. ಎರಡನೆಯ ವರ್ಗದವರ ಅಭಿಪ್ರಾಯವನ್ನು ಕೇಳಿದವರು ವಿರಳ.

ಚಿಕ್ಕೋಡಿ ತಾಲೂಕಿನ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಯನ್ನು ಉದಾಹರಣೆಯಾಗಿ ನೋಡಬಹುದು. ಬೆಳಗಾವಿ ಜಿಲ್ಲೆಯ ಈ ಭಾಗದಲ್ಲಿ ಜೈನರೆಂದರೆ ವ್ಯಾಪಾರಸ್ಥರೆಂಬ ದಕ್ಷಿಣದ ತಿಳಿವಳಿಕೆ ಕೆಲಸಕ್ಕೆ ಬಾರದು. ಇಲ್ಲಿನ ದಿಗಂಬರ ಜೈನರು ಬಹುಮಟ್ಟಿಗೆ ಒಕ್ಕಲಿಗರು. ಕಬ್ಬು, ಜೋಳ, ಸೋಯಾ ಬೆಳೆಯುವವರು. ಬಸದಿಯಲ್ಲಿ ಪಂಚಾಮೃತ ಅಭಿಷೇಕ ಮುಗಿಸಿ ಹೊಲಕ್ಕೆ ನೀರು ಹಾಯಿಸಲು ಹೋಗುವವರು. ಊರಿನಲ್ಲಿ ಬಸದಿಯ ಜೊತೆಗೆ ಬಸವಣ್ಣನ ಗುಡಿ, ದರ್ಗಾ, ಊರಾಚೆ ದೇವಿಯ ಗುಡಿ ಇವೆ. ದೇವಿಯ ಜಾತ್ರೆಯಲ್ಲಿ ಹರಕೆ ಹೊತ್ತವರು ಇಂದಿಗೂ ಕೋಳಿ, ಕುರಿ ಕೊಯ್ಯುತ್ತಾರೆ. ಶಾಲೆಯ ಒಂದೇ ಬೆಂಚಿನಲ್ಲಿ ಈ ಎಲ್ಲ ಮನೆಗಳ ಮಕ್ಕಳೂ ಕೂಡುತ್ತಾರೆ. ಮನೆಯ ಮಾತಿನಲ್ಲಿ ಮರಾಠಿ ಬೆರೆತಿರುತ್ತದೆ. ಅಂಥ ನಾಲಗೆಗೆ ಕಂದಪದ್ಯವನ್ನು ಕಲಿಸುವ ಹೊಣೆ ಕನ್ನಡ ಮಾಸ್ತರರದು.

ಶಾಲೆಯ ದಿನಚರಿ ಎಲ್ಲ ಕಡೆಯಂತೆಯೇ ಇದೆ. ಹತ್ತರ ಗಂಟೆಗೆ ಮುನ್ನ ಮಕ್ಕಳು ಸೈಕಲ್ಲುಗಳನ್ನು ಬೇವಿನ ಮರದ ಕೆಳಗೆ ಒರಗಿಸುತ್ತಾರೆ. ನಾಡಗೀತೆ, ಸಂವಿಧಾನದ ಪೀಠಿಕೆಯ ವಾಚನ, ಪತ್ರಿಕೆಯ ಮುಖ್ಯಸುದ್ದಿ, ರಾಷ್ಟ್ರಗೀತೆ. ಸುದ್ದಿ ಓದುವ ಸರದಿ ಬಂದವರು ಹಿಂದಿನ ರಾತ್ರಿಯೇ ಕಠಿಣ ಪದಗಳನ್ನು ಗುಟ್ಟಾಗಿ ಕೇಳಿ ತಿಳಿದಿರುತ್ತಾರೆ. ಸಾಲು ತಪ್ಪಿದರೆ ಇಡೀ ವಾರ ಅದೇ ಪದ ಅವರ ಅಡ್ಡಹೆಸರಾಗುತ್ತದೆ. ಗಣಿತದ ಅವಧಿಯಲ್ಲಿ ಭಯ, ಇಂಗ್ಲಿಷಿನ ಅವಧಿಯಲ್ಲಿ ಮೌನ, ಆಟದ ಅವಧಿಯಲ್ಲಿ ಖೊಖೊ ಅಂಕಣಕ್ಕಾಗಿ ಹುಡುಗ ಹುಡುಗಿಯರ ಜಗಳ. ಕನ್ನಡದ ಅವಧಿಯನ್ನು ಅವರು ಸುಲಭವೆಂದು ಬಗೆಯುತ್ತಾರೆ, ಹಳಗನ್ನಡದ ಪದ್ಯ ಬರುವವರೆಗೆ. ಅದು ಬಂದಾಗ ಕೇಳುವ ಮೊದಲ ಪ್ರಶ್ನೆ ಯಾವ ವರ್ಷವೂ ಬದಲಾಗಿಲ್ಲ: “ಇದು ಕನ್ನಡ ಏನ್ರಿ ಸರ್?”

ಇದು ತಮಾಷೆಯ ಪ್ರಶ್ನೆಯಂತೆ ಕಂಡರೂ ಭಾಷಾಚರಿತ್ರೆಯ ಮೂಲಪ್ರಶ್ನೆಯೇ ಆಗಿದೆ. ಮಾಸ್ತರರು ಇದಕ್ಕೆ ವ್ಯಾಕರಣದಿಂದ ಉತ್ತರಿಸುವುದಿಲ್ಲ. ‘ಪಾಲ್’ ಎಂಬುದನ್ನು ಹಲಗೆಯ ಮೇಲೆ ಬರೆದು ‘ಹಾಲು’ ಎಂದು ಓದಿಸುತ್ತಾರೆ. ‘ಪೊಲ’ವನ್ನು ‘ಹೊಲ’ ಮಾಡಿಸುತ್ತಾರೆ. ‘ಪುಲಿ’ಯನ್ನು ಮಕ್ಕಳೇ ಹುಲಿ ಮಾಡುತ್ತಾರೆ. ಹತ್ತು ನಿಮಿಷದೊಳಗೆ ತರಗತಿಯಲ್ಲಿ ಪಕಾರದ ಬೇಟೆ ಆರಂಭವಾಗುತ್ತದೆ. ಕೊನೆಯ ಬೆಂಚಿನವರು ‘ಹೋಳಿಗೆ’ಯನ್ನು ‘ಪೋಳಿಗೆ’ ಮಾಡಿ ಮರಾಠಿಯ ‘ಪೋಳಿ’ಯನ್ನು ತಲುಪಿದಾಗ, ಎರಡು ಭಾಷೆಗಳ ನಡುವೆ ಬಾಳುವ ಈ ನೆಲದ ಮಕ್ಕಳು ತಮ್ಮ ಅಡುಗೆಮನೆಯಲ್ಲಿಯೇ ಒಂದು ಭಾಷಾಶಾಸ್ತ್ರವಿದೆಯೆಂದು ಕಂಡುಕೊಳ್ಳುತ್ತಾರೆ.

ಒಂಬತ್ತು ಮತ್ತು ಹತ್ತನೆಯ ತರಗತಿಗಳ ಪ್ರಥಮಭಾಷೆಯ ಪಠ್ಯಗಳಲ್ಲಿ ಜೈನ ಕವಿಗಳ ಪಾಲು ಸಣ್ಣದಲ್ಲ. ಒಂಬತ್ತರಲ್ಲಿ ಜನ್ನನ ಯಶೋಧರಚರಿತೆಯ ಭಾಗವೂ ರತ್ನಾಕರವರ್ಣಿಯ ಭರತೇಶವೈಭವದ ಭಾಗವೂ ಇವೆ. ಬುಕ್ಕರಾಯನ ಶ್ರವಣಬೆಳಗೊಳದ ಶಾಸನವೂ ಗದ್ಯಪಾಠವಾಗಿ ಬಂದಿದೆ. ಹತ್ತರಲ್ಲಿ ಪಂಪಭಾರತದಿಂದ ದ್ರೋಣ ದ್ರುಪದರ ಪ್ರಸಂಗವನ್ನೂ ರನ್ನನ ಗದಾಯುದ್ಧದಿಂದ ದುರ್ಯೋಧನನ ಪ್ರಸಂಗವನ್ನೂ ಆಯ್ದುಕೊಂಡಿದ್ದಾರೆ. ಆದರೆ ಮಕ್ಕಳಿಗೆ ಈ ಕವಿಗಳ ಪರಿಚಯವಾಗುವುದು ನಾಲ್ಕು ಅಂಶಗಳ ಮೂಲಕ: ಕಾಲ, ಸ್ಥಳ, ಕೃತಿ, ಬಿರುದು. ಜೈನಧರ್ಮವು ಈ ಕಾವ್ಯಗಳಲ್ಲಿ ಮಾಡುವ ಕೆಲಸ ಪರೀಕ್ಷೆಗೆ ಬರುವುದಿಲ್ಲ. ಆದರೂ ಅದು ತರಗತಿಗೆ ಬರುತ್ತದೆ. ಬರುವ ದಾರಿ ಮಾತ್ರ ಯಾರೂ ನಿರೀಕ್ಷಿಸಿದ್ದಲ್ಲ.

ಈ ಶಾಲೆಗೆ ಅದು ಬಂದದ್ದು ಬಿಸಿಯೂಟದ ತಾಟಿನ ಮೂಲಕ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು 2007ರಲ್ಲಿ ಪ್ರೌಢಶಾಲೆಗಳಿಗೂ ವಿಸ್ತರಿಸಿತು. 2021ರ ಕೊನೆಯಲ್ಲಿ ಕೆಲವು ಜಿಲ್ಲೆಗಳಲ್ಲಿ ಊಟದೊಡನೆ ಮೊಟ್ಟೆ ಕೊಡಲು ತೊಡಗಿದಾಗ ನಾಡಿನಲ್ಲಿ ದೊಡ್ಡ ವಾದವೆದ್ದಿತು. ಕೆಲವು ಮಠಾಧೀಶರು ವಿರೋಧಿಸಿದರು, ಪೌಷ್ಟಿಕತೆಯ ತಜ್ಞರು ಸಮರ್ಥಿಸಿದರು. ಮುಂದೆ ಅದು ರಾಜ್ಯಾದ್ಯಂತ ವ್ಯಾಪಿಸಿ, 2023ರಲ್ಲಿ ಹತ್ತನೆಯ ತರಗತಿಯವರೆಗೂ ಬಂದಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರು ದಿನಕ್ಕೂ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹೀಗೆ ಶಾಲೆಯ ಪಡಸಾಲೆಯಲ್ಲಿ ಎರಡು ಪಾಳಿಗಳಾದವು. ಒಂದು ಉದ್ದದ ಪಾಳಿ, ಒಂದು ಗಿಡ್ಡ ಪಾಳಿ. ಗಿಡ್ಡ ಪಾಳಿಯಲ್ಲಿ ಜೈನರ ಮಕ್ಕಳು, ಲಿಂಗಾಯತರ ಮಕ್ಕಳು, ವಾರದ ಕೆಲವು ದಿನ ಮಾತ್ರ ವ್ರತ ಹಿಡಿದ ಇನ್ನಿತರ ಮನೆಗಳ ಮಕ್ಕಳು. ಎರಡು ಪಾಳಿಗಳಿಗೂ ಪರಸ್ಪರ ಹೇಳಲು ಮಾತುಗಳಿದ್ದವು. ಒಂದು ಕಡೆಯಿಂದ ‘ಬಾಳಿಹಣ್ಣ’ ಎಂಬ ಅಡ್ಡಹೆಸರು ಹುಟ್ಟಿದರೆ, ಇನ್ನೊಂದು ಕಡೆಯಲ್ಲಿ ತಾಟು ಸರಿಸಿ ದೂರ ಕೂಡುವ ರೂಢಿ ಹುಟ್ಟಿತು. ಎರಡೂ ನೋಯಿಸುವಂಥವೇ.

ಇಂಥ ದಿನಗಳಲ್ಲಿಯೇ ಜನ್ನನ ಪಾಠ ಬಂದಿತು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನನು 1209ರಲ್ಲಿ ಬರೆದು ಮುಗಿಸಿದ ಈ ಪುಟ್ಟ ಕಾವ್ಯ ಬಹುಪಾಲು ಕಂದಪದ್ಯಗಳಲ್ಲಿದೆ. ಪಠ್ಯದಲ್ಲಿರುವುದು ಕೆಲವೇ ಪದ್ಯಗಳು. ಆದರೆ ಕಥೆಯ ಹಿಂದುಮುಂದು ತಿಳಿಯದೆ ಅವು ನಿಲ್ಲುವುದಿಲ್ಲ. ಆದುದರಿಂದ ಮಾಸ್ತರರು ಎರಡು ಅವಧಿಗಳನ್ನು ಕಥೆಗೇ ಕೊಟ್ಟರು. ಚಂಡಮಾರಿಗೆ ಬಲಿ ಕೊಡಲು ಹೊರಟ ರಾಜ ಮಾರಿದತ್ತ. ಭಿಕ್ಷೆಗೆಂದು ಊರೊಳಗೆ ಬಂದು ಬಲಿಗಾಗಿ ಸೆರೆಯಾದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು. ಕೊಲ್ಲಲು ನಿಂತವನ ಮುಂದೆ ಅಂಜದೆ ತನ್ನ ಹಿಂದಿನ ಭವಗಳನ್ನು ಹೇಳತೊಡಗುವ ಅಣ್ಣ. ಆ ಕಥೆಯೊಳಗೆ ಯಶೋಧರ, ಅವನ ರಾಣಿ ಅಮೃತಮತಿ, ತಾಯಿ ಚಂದ್ರಮತಿ. ಮಗನ ಕೆಟ್ಟ ಕನಸಿಗೆ ಪರಿಹಾರವಾಗಿ ಜೀವದ ಬಲಿಯನ್ನು ಬಯಸಿದ ತಾಯಿಗೂ ಕೊಲ್ಲಲಾರೆನೆಂದ ಮಗನಿಗೂ ನಡುವೆ ಒಂದು ಒಪ್ಪಂದ: ಹಿಟ್ಟಿನಿಂದ ಮಾಡಿದ ಹುಂಜ. ಅದನ್ನು ಕಡಿದಾಗ ಅದು ಕೂಗುತ್ತದೆ. ಆ ಕೂಗಿನ ಬೆನ್ನಿಗೆ ತಾಯಿಮಕ್ಕಳು ಪಶುಪಕ್ಷಿಗಳ ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಕಾವ್ಯದ ಕೊನೆಗೆ ದೇವಿಯೇ ತನಗೆ ಬಲಿ ಬೇಡವೆನ್ನುತ್ತಾಳೆ.

ಜಾತ್ರೆಯ ಬಲಿಯನ್ನು ಕಣ್ಣಾರೆ ಕಂಡ ಮಕ್ಕಳಿಗೆ ಈ ಕಥೆಯಲ್ಲಿ ಅಪರಿಚಿತವಾದುದು ಏನೂ ಇರಲಿಲ್ಲ. ಬಲಿಯ ಮೃಗಕ್ಕೆ ಹಾರ ಹಾಕುವುದು, ಅದರ ಒಪ್ಪಿಗೆಗೆಂದು ನೀರು ಚಿಮುಕಿಸಿ ಕಾಯುವುದು ಅವರಿಗೆ ಗೊತ್ತಿತ್ತು. ಅವರನ್ನು ಹಿಡಿದದ್ದು ಹಿಟ್ಟಿನ ಹುಂಜ. ಊಟದ ಗಂಟೆಗೆ ಐದು ನಿಮಿಷ ಉಳಿದಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಹಿಟ್ಟಿನ ಕೋಳಿ ಕಡದ್ರ ಅಷ್ಟ ಜನ್ಮ ಬಂದ್ವು. ನಾವು ದಿನಾ ತತ್ತಿ ತಿಂತೇವ್ರಿ. ನಮಗ ಎಷ್ಟ ಜನ್ಮ ಸರ್?”

ತರಗತಿ ನಕ್ಕಿತು. ಆದರೆ ಕೇಳಿದವನು ನಗಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೊಟ್ಟೆ ಕುದಿಸಿ ಸಿಪ್ಪೆ ಬಿಡಿಸುವವಳು ಅವನ ತಾಯಿ. ಮಾಸ್ತರರು ತಕ್ಷಣ ಉತ್ತರಿಸಲಿಲ್ಲ. ಉತ್ತರ ಬಂದದ್ದು ಗಿಡ್ಡ ಪಾಳಿಯಿಂದ, ಮೂರನೆಯ ಬೆಂಚಿನ ಜೈನರ ಹುಡುಗಿಯಿಂದ: “ಅವನಿಗೇನ ಹಸಿವಾಗಿತ್ತೇನು? ಕೊಲ್ಲೂದಿಲ್ಲ ಅನಕೋತನ ಕೊಂದ. ಕೊಲ್ಲಬೇಕು ಅಂತ ಮನಸ್ಸು ಮಾಡಿದ್ದಕ್ಕ ಅದು ಕೂಗಿದ್ದು. ಹಸಿದವರ ತಾಟು ಕಾವ್ಯದಾಗ ಇಲ್ಲ.”

ಹದಿನಾಲ್ಕರ ಹುಡುಗಿ ಆಡಿದ ಈ ಮಾತನ್ನು ಪಂಡಿತರು ಹೇಗೆ ತೂಗಬೇಕು? ಯಶೋಧರನ ಕಥೆಯ ತಿರುಳು ಸಂಕಲ್ಪಹಿಂಸೆ ಎಂಬುದು ಸರ್ವಸಮ್ಮತ. ಜೈನ ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ಬಿಡಬೇಕೆಂದು ವಿಧಿಸುತ್ತದೆ. ಅಡುಗೆ, ಕೃಷಿ, ಆತ್ಮರಕ್ಷಣೆಗಳಲ್ಲಿ ಅನಿವಾರ್ಯವಾಗಿ ಒದಗುವುದನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕೆನ್ನುತ್ತದೆ. ಆ ಮಟ್ಟಿಗೆ ಹುಡುಗಿ ಕಾವ್ಯವನ್ನು ಸರಿಯಾಗಿಯೇ ಹಿಡಿದಿದ್ದಾಳೆ. ಆದರೆ ಅದೇ ಶಾಸ್ತ್ರವು ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಹೇಳುತ್ತದೆ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಮೂರರಲ್ಲಿಯೂ ಹೊಣೆಯುಂಟು. ಈ ಕಡೆಯಿಂದ ನೋಡಿದರೆ ಅವಳ ಉತ್ತರ ಪೂರ್ಣವಲ್ಲ. ಅವಳ ಮನೆಯ ಹಿರಿಯರು ಅದನ್ನು ಒಪ್ಪಲಾರರು.

ಒಪ್ಪಲೂ ಇಲ್ಲ. ಶಾಲೆಯ ಮಾತು ಊರಿಗೆ ಬರುವ ಹೊತ್ತಿಗೆ ರೂಪ ಬದಲಿಸಿತ್ತು: ‘ಬಸದಿ ಓಣಿಯ ಹುಡುಗಿ ತತ್ತಿ ತಿಂದರೆ ಪಾಪವಿಲ್ಲ ಅಂದಳಂತೆ.’ ಮೂರನೆಯ ದಿನ ಅವಳ ಅಜ್ಜ ಶಾಲೆಗೆ ಬಂದರು. ದಿನಾಲೂ ಬಸದಿಗೆ ಹೋಗುವವರು, ಚಾತುರ್ಮಾಸದಲ್ಲಿ ಒಪ್ಪೊತ್ತು ಉಣ್ಣುವವರು, ರಾತ್ರಿಭೋಜನವನ್ನು ಬಿಟ್ಟು ನಾಲ್ವತ್ತು ವರ್ಷವಾದವರು. ಮುಂದಿನ ವರ್ಷ ಮೊಮ್ಮಗಳನ್ನು ಈ ಶಾಲೆಯಲ್ಲಿ ಇಡಬೇಕೋ ಬೇಡವೋ ಎಂಬುದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಅವರು ಕುರ್ಚಿಯಲ್ಲಿ ಕೂಡಲಿಲ್ಲ. “ಮಾಸ್ತರ್ರ, ಯಶೋಧರನ ಕಥಿ ನಮಗೂ ಗೊತ್ತೈತಿ. ಅನುಮೋದನಾ ಮಾಡಿದವಗೂ ಪಾಪ ಐತಿ ಅಂತ ನೀವು ಹೇಳಿಕೊಟ್ಟೀರೋ ಇಲ್ಲೋ?” ಎಂದರು.

ಮಾಸ್ತರರು ಹೇಳಿಕೊಟ್ಟಿರಲಿಲ್ಲ. ಪಠ್ಯದಲ್ಲಿ ಅದು ಇರಲಿಲ್ಲ. ಅವರು ಜೈನರೂ ಅಲ್ಲ. ಅವರು ಹುಡುಗಿಯನ್ನೇ ಕರೆಸಿದರು. ಅವಳು ಅಜ್ಜನ ಮುಂದೆ ತಲೆ ತಗ್ಗಿಸಿ, ಆದರೆ ದನಿ ತಗ್ಗಿಸದೆ ಹೇಳಿದಳು: “ಅಜ್ಜಾ, ನಾ ತಿಂದಿಲ್ಲ, ತಿನ್ನೂದೂ ಇಲ್ಲ. ತಿನ್ನಂತ ಯಾರಿಗೂ ಹೇಳಿಲ್ಲ. ತಿಂದವರನ್ನ ಬೈದಿಲ್ಲ, ಅಷ್ಟ.”

ಬೈಯದಿರುವುದಕ್ಕೂ ಒಪ್ಪುವುದಕ್ಕೂ ನಡುವೆ ಇರುವ ಅಂತರವನ್ನು ಜೈನ ಪರಂಪರೆ ಬಹು ಹಿಂದೆಯೇ ಗುರುತಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳುತ್ತದೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ; ತನ್ನ ಮಾತಿಗೆ ಒಲಿಯದವರಲ್ಲಿ ಮಾಧ್ಯಸ್ಥ್ಯ, ಎಂದರೆ ರಾಗವೂ ದ್ವೇಷವೂ ಇಲ್ಲದ ನಿಲವು. ಅಜ್ಜನಿಗೆ ಈ ಸೂತ್ರ ಬಾಯಿಪಾಠವಾಗಿತ್ತು. ಮೊಮ್ಮಗಳು ಸೂತ್ರವನ್ನು ಓದಿದವಳಲ್ಲ. ದಿನವೂ ಗಿಡ್ಡ ಪಾಳಿಯಲ್ಲಿ ನಿಂತು ಉದ್ದದ ಪಾಳಿಯ ಗೆಳತಿಯರೊಡನೆ ಒಂದೇ ಕಟ್ಟೆಯ ಮೇಲೆ ಉಣ್ಣುವ ಅಗತ್ಯದಿಂದ ಅಲ್ಲಿಗೆ ಬಂದವಳು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಲೋ ಓದಸ್ರಿ” ಎಂದಷ್ಟೇ ಹೇಳಿ ಹೊರಟರು. ಅದು ಒಪ್ಪಿಗೆಯೋ ಮಾಧ್ಯಸ್ಥ್ಯವೋ ತಿಳಿಯದು. ಹುಡುಗಿ ಶಾಲೆಯಲ್ಲಿ ಉಳಿದಳು.

ಮಾಸ್ತರರು ಮುಂದಿನ ವಾರ ಪಾಠಗಳ ಕ್ರಮವನ್ನು ಮುರಿದು ಬುಕ್ಕರಾಯನ ಶಾಸನವನ್ನು ಎತ್ತಿಕೊಂಡರು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾದಾಗ, ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನದರ್ಶನಕ್ಕೆ ಹಿಂದಿನಂತೆ ಪಂಚಮಹಾವಾದ್ಯವೂ ಕಳಶವೂ ಸಲ್ಲಬೇಕೆಂದನು. ಮನೆಮನೆಗೆ ಒಂದು ಹಣದಂತೆ ಕೂಡಿಸಿ, ಬೆಳುಗುಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸುವುದು, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂಬ ವ್ಯವಸ್ಥೆಯ ಹೊಣೆ ತಿರುಮಲೆಯ ತಾತಯ್ಯನ ಮೇಲೆ ಬಿದ್ದಿತು. ಇತಿಹಾಸಕಾರರು ಈ ಶಾಸನವನ್ನು ಧಾರ್ಮಿಕ ಸಹಿಷ್ಣುತೆಯ ದಾಖಲೆಯೆಂದು ಬಗೆಬಗೆಯಾಗಿ ಚರ್ಚಿಸಿದ್ದಾರೆ. ಮಕ್ಕಳ ಗಮನ ಹೋದದ್ದು ಬೇರೆಡೆಗೆ. “ಕೈ ಹಿಡಿಸಿದ್ದು ಚಲೋ ಆತು. ಆದ್ರ ರೊಕ್ಕ ಜೈನರ ಕಡೆಯಿಂದನ ಯಾಕ ತಗೊಂಡ್ರು?” ಎಂದು ಒಬ್ಬ ಕೇಳಿದ. ಕಾವಲಿಗೆ ಸಲ್ಲಬೇಕಾದ ಹಣವನ್ನು ಕಾವಲು ಬೇಕಾದವರೇ ಕೊಡಬೇಕಾಯಿತೆಂಬ ಈ ಅಂಶವನ್ನು ಎಷ್ಟು ಪ್ರಬಂಧಗಳು ಎತ್ತಿ ಆಡಿವೆ ಎಂದು ಸಂಶೋಧಕರು ತಮ್ಮನ್ನೇ ಕೇಳಿಕೊಳ್ಳಬಹುದು.

ಮಕ್ಕಳ ಓದು ಹೀಗೆ ಬಹುಸಲ ವಿಮರ್ಶೆಯ ಹಳೆಯ ದಾರಿಗಳನ್ನು ಅರಿಯದೆಯೇ ಅದೇ ಕವಲುಗಳಿಗೆ ಬಂದು ನಿಲ್ಲುತ್ತದೆ. ಅಮೃತಮತಿಯ ಪ್ರಸಂಗವನ್ನು ಮಾಸ್ತರರು ಸಂಕೋಚದಿಂದ ಎರಡು ವಾಕ್ಯಗಳಲ್ಲಿ ಮುಗಿಸಿದ್ದರು: ರಾಣಿ ಮಾವಟಿಗನಿಗೆ ಮನಸೋತಳು, ಗಂಡನಿಗೆ ವಿಷವಿಟ್ಟಳು. ಹುಡುಗಿಯರ ಸಾಲಿನಿಂದ ಒಂದು ದನಿ ಬಂದಿತು: “ಅಕಿ ಹಂಗ ಯಾಕ ಮಾಡಿದ್ಳು ಅಂತ ಯಾರೂ ಕೇಳಲಿಲ್ಲೇನ್ರಿ?” ಜನ್ನನ ಅಮೃತಮತಿಯನ್ನು ಕುರಿತು ಕನ್ನಡ ವಿಮರ್ಶೆ ದೀರ್ಘಕಾಲ ಆಡಿದ ಚರ್ಚೆಗೂ, ಅದೇ ಕಥೆಯನ್ನು ಮರಳಿ ಕಟ್ಟಿದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕಕ್ಕೂ ಮೂಲದಲ್ಲಿರುವುದು ಈ ಪ್ರಶ್ನೆಯೇ. ಹುಡುಗಿಗೆ ಆ ಚರ್ಚೆಯೂ ಗೊತ್ತಿಲ್ಲ, ನಾಟಕವೂ ಗೊತ್ತಿಲ್ಲ. ಹತ್ತನೆಯ ತರಗತಿ ಮುಗಿಯುವ ಮೊದಲೇ ಅಕ್ಕನಿಗೆ ಗಂಡು ನೋಡಿದ ಮನೆಯಿಂದ ಬಂದವಳಿಗೆ, ಕೇಳದೆ ಗೊತ್ತುಮಾಡುವ ವಿವಾಹದ ಒಳಗು ಗೊತ್ತಿತ್ತು.

ಹತ್ತನೆಯ ತರಗತಿಯಲ್ಲಿ ಪಂಪ ಬಂದನು. ದ್ರೋಣ ದ್ರುಪದರ ಕಥೆ ಮೂಲತಃ ಸಹಪಾಠಿಗಳ ಕಥೆ. ಒಂದೇ ಗುರುವಿನಲ್ಲಿ ಕೂಡಿ ಕಲಿತವರಲ್ಲಿ ಒಬ್ಬ ಅರಸನಾದನು, ಒಬ್ಬ ಬಡವನಾಗಿಯೇ ಉಳಿದನು. ಬಡವನು ಹಳೆಯ ಗೆಳೆತನವನ್ನು ನೆನಪಿಸಿಕೊಂಡು ಬಾಗಿಲಿಗೆ ಬಂದಾಗ ಅರಸನು ಗುರುತಿಸಲಿಲ್ಲ. 941ರಲ್ಲಿ ಬರೆದ ಕಾವ್ಯದ ಈ ಸನ್ನಿವೇಶಕ್ಕೆ ಅರ್ಥ ಬಿಡಿಸಬೇಕಾಗಲಿಲ್ಲ. ಏಳನೆಯ ತರಗತಿಯವರೆಗೆ ತಮ್ಮೊಡನೆ ಓದಿ, ನಿಪ್ಪಾಣಿಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋದ ಗೆಳೆಯನು ಬಸ್ ನಿಲ್ದಾಣದಲ್ಲಿ ಮುಖ ತಿರುಗಿಸಿದ್ದನ್ನು ಬಲ್ಲವರು ತರಗತಿಯಲ್ಲಿದ್ದರು. ಅಭಿಪ್ರಾಯಗಳು ಮಾತ್ರ ಎರಡಾದವು. ದ್ರುಪದನಿಗೆ ಸೊಕ್ಕು ಬಂದಿತ್ತೆಂದು ಹಲವರು. “ದ್ರೋಣ ಕೇಳಾಕ ಹೋಗಬಾರದಿತ್ತು, ಗೆಳೆಯನ ಮುಂದ ಕೈಯೊಡ್ಡಿದ್ರ ಗೆಳೆತನ ಉಳಿಯೂದಿಲ್ಲ” ಎಂದು ಕೆಲವರು. ಕೂಲಿಗೆ ಹೋಗುವ ಮನೆಗಳ ಮಕ್ಕಳೇ ಎರಡನೆಯ ಮಾತನ್ನು ಆಡಿದ್ದರು ಎಂಬುದು ಗಮನಾರ್ಹ.

ರನ್ನನ ಪಾಠದ ದಿನ ಕವಿಪರಿಚಯದಲ್ಲಿ ಮಾಸ್ತರರು ಪಠ್ಯಕ್ಕಿಂತ ಎರಡು ಮಾತು ಹೆಚ್ಚು ಹೇಳಿದರು. ರನ್ನನು ಮುದುವೊಳಲಿನವನು, ಎಂದರೆ ಈ ಭಾಗದ ಮಕ್ಕಳು ಬಸ್ಸಿನ ಫಲಕದಲ್ಲಿ ಓದುವ ಮುಧೋಳದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆ ಮಾರುವವರ ಕುಲದವನು. ಓದಬೇಕೆಂಬ ಹಂಬಲದಿಂದ ಊರು ಬಿಟ್ಟು, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದು, ಚಕ್ರವರ್ತಿಯಿಂದ ಕವಿಚಕ್ರವರ್ತಿ ಎನಿಸಿಕೊಂಡವನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯಲ್ಲಿ ‘ಕವಿರತ್ನ’ ಎಂಬ ಅಕ್ಷರಗಳಿದ್ದು, ಅವು ರನ್ನನದೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಕೈವಾರದಿಂದ ಬೆಂಚಿನ ಮೇಲೆ ಹೆಸರು ಕೊರೆದು ದಂಡ ತೆತ್ತ ಹುಡುಗರು ಈ ಮಾತಿಗೆ ಬಹಳ ಸಂತೋಷಪಟ್ಟರು.

ಒಬ್ಬ ಮಾತ್ರ ಸಂತೋಷಕ್ಕಿಂತ ಬೇರೆಯಾದುದನ್ನು ಅನುಭವಿಸಿದ. ಅವನ ತಂದೆ ಜಾತ್ರೆಯಿಂದ ಜಾತ್ರೆಗೆ ಬಳೆಯ ಗಾಡಿ ಹೂಡುವವನು. ಜಾತ್ರೆಗಳ ಕಾಲದಲ್ಲಿ ಹುಡುಗನ ಹಾಜರಿಯೂ ಕಡಿಮೆ. ಆ ದಿನದಿಂದ ಅವನು ಪದ್ಯಗಳನ್ನು ಬಾಯಿಪಾಠ ಮಾಡಿದ. ಪ್ರಸ್ತಾರ ಹಾಕಿ ಗಣ ವಿಂಗಡಿಸುವುದನ್ನು ಬಳೆಯ ಡಜನ್ನು ಎಣಿಸುವ ವೇಗದಲ್ಲಿ ಕಲಿತ. ಸಿದ್ಧತಾ ಪರೀಕ್ಷೆಯಲ್ಲಿ ದುರ್ಯೋಧನನ ಛಲವನ್ನು ವಿವರಿಸುವ ಪ್ರಶ್ನೆ ಬಂದಿತು. ಗೈಡುಗಳಲ್ಲಿ, ಮಾದರಿ ಉತ್ತರಗಳಲ್ಲಿ, ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನ ಕಿರುಹೊತ್ತಗೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಅವನು ಛಲದಂಕಮಲ್ಲ, ಸ್ವಾಭಿಮಾನಿ, ನೆಲಕ್ಕಾಗಿ ಅಲ್ಲ ಛಲಕ್ಕಾಗಿ ಹೋರಾಡುವವನು. ಹುಡುಗ ಹೀಗೆ ಬರೆದಿದ್ದ: ದುರ್ಯೋಧನನಿಗೆ ಇರುವುದು ಛಲವಲ್ಲ, ದುಃಖ, ಕರ್ಣನೂ ದುಶ್ಶಾಸನನೂ ಸತ್ತಮೇಲೆ ಮನೆಗೆ ಹೋಗಿ ಯಾರ ಜೊತೆ ಮಾತಾಡಬೇಕೆಂದು ತಿಳಿಯದೆ ರಣದಲ್ಲಿಯೇ ಉಳಿದಿದ್ದಾನೆ, ದುಃಖವನ್ನು ತೋರಿಸಿದರೆ ಜನ ನಗುತ್ತಾರೆಂದು ಅದಕ್ಕೆ ಛಲವೆಂದು ಹೆಸರು ಇಟ್ಟಿದ್ದಾನೆ.

ಗದಾಯುದ್ಧದ ರಸವಿಚಾರವನ್ನು ಬಲ್ಲವರು ಈ ಉತ್ತರದ ಬೆಲೆಯನ್ನು ಬಲ್ಲರು. ವೀರದ ಒಳಗೆ ಕರುಣ ಹರಿಯುವ ಬಗೆಯೇ ಆ ಕೃತಿಯ ಹೆಚ್ಚಳ. ಆದರೆ ಪರೀಕ್ಷೆಯ ಲೆಕ್ಕ ಬೇರೆ. ಪ್ರಥಮಭಾಷೆಗೆ 125 ಅಂಕ. ಅದರಲ್ಲಿ 25 ಆಂತರಿಕ, 100 ಲಿಖಿತ. ಉತ್ತರಪತ್ರಿಕೆ ಬೇರೆಲ್ಲೋ ಒಂದು ಮೌಲ್ಯಮಾಪನ ಕೇಂದ್ರದಲ್ಲಿ, ಮಾದರಿ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಹಲವು ಪತ್ರಿಕೆಗಳನ್ನು ನೋಡಬೇಕಾದ ಅಪರಿಚಿತರ ಕೈಗೆ ಹೋಗುತ್ತದೆ. ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಂಚಿನಲ್ಲಿ ನಿಂತ ಈ ಹುಡುಗನಿಗೆ ಕನ್ನಡದ ಅಂಕಗಳೇ ಆಸರೆ. ಒಟ್ಟು ಅಂಕ ಕುಸಿದರೆ ಕಾಲೇಜಿಲ್ಲ, ಬಳೆಯ ಗಾಡಿಯೇ ಗತಿ.

ಮಾಸ್ತರರು ಪೂರ್ಣ ಅಂಕ ಕೊಟ್ಟರು. ಬಳಿಕ ಹುಡುಗನನ್ನು ಕರೆದು, ಮಾರ್ಚಿನ ಪರೀಕ್ಷೆಯಲ್ಲಿ ಛಲವೆಂದೇ ಬರೆಯಬೇಕೆಂದು ಹೇಳಿದರು. ಹೇಳಿದ ಮೇಲೆ ಅವರಿಗೆ ನೆಮ್ಮದಿಯಿರಲಿಲ್ಲ. ತಿಳಿದ ಸತ್ಯ ಒಂದು, ಬರೆಯುವ ಉತ್ತರ ಇನ್ನೊಂದು ಎಂದು ಕಲಿಸುವುದು ಶಿಕ್ಷಣವೇ? ಕಲಿಸದಿದ್ದರೆ ಆ ಹುಡುಗನ ಭವಿಷ್ಯಕ್ಕೆ ಹೊಣೆ ಯಾರು? ಒಂದು ವಸ್ತುವನ್ನು ಹಲವು ನಯಗಳಿಂದ ನೋಡಬಹುದೆಂದು ಸಾರಿದ ಅನೇಕಾಂತದ ಪರಂಪರೆಯಲ್ಲಿ ಬೆಳೆದ ಕವಿಯನ್ನು, ಒಂದೇ ಉತ್ತರವನ್ನು ಸರಿಯೆನ್ನುವ ಏಕಾಂತದ ತಕ್ಕಡಿಯಲ್ಲಿ ಪ್ರತಿವರ್ಷವೂ ತೂಗುತ್ತಿದ್ದೇವೆ ಎಂಬ ವಿಪರ್ಯಾಸವನ್ನು ಅವರು ಯಾರಲ್ಲಿಯೂ ಹೇಳಿಕೊಳ್ಳಲಿಲ್ಲ. ಮಾಡಿದ್ದು ಇಷ್ಟೇ: ನೂರು ಪುಟದ ಒಂದು ವಹಿಯನ್ನು ತಂದು ಕಪಾಟಿನಲ್ಲಿಟ್ಟರು. ಪರೀಕ್ಷೆಗೆ ಬರೆಯಲಾಗದ ಅಭಿಪ್ರಾಯವನ್ನು ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಹೆಸರು ಹಾಕಬೇಕಾಗಿಲ್ಲ, ಅಂಕವಿಲ್ಲ, ತಿದ್ದುವುದೂ ಇಲ್ಲ.

ಮೊದಲ ಪುಟದಲ್ಲಿ ದುರ್ಯೋಧನನ ದುಃಖವಿದೆ. ಮುಂದೆ ಅಮೃತಮತಿಯನ್ನು ಕುರಿತ ಮೂರು ಸಾಲು, ಬುಕ್ಕರಾಯನ ರೊಕ್ಕದ ಲೆಕ್ಕ, ಅಭಯಮತಿಗೆ ಹೆದರಿಕೆಯಾಗಿರಲೇಬೇಕು, ಕವಿ ಅದನ್ನು ಮುಚ್ಚಿಟ್ಟಿದ್ದಾನೆ ಎಂಬ ಆಕ್ಷೇಪ. ಒಬ್ಬನು ಪಂಪನನ್ನು ಬಿಟ್ಟು ಶಾಲೆಯ ನೀರಿನ ಟಾಕಿಯ ಬಗ್ಗೆ ಎರಡು ಪುಟ ದೂರು ಬರೆದಿದ್ದಾನೆ. ವ್ಯಾಕರಣದ ತಪ್ಪುಗಳು ಧಾರಾಳವಾಗಿವೆ. ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಹುಡುಕಿ, ಪಾಠಶುದ್ಧಿ ಮಾಡಿ, ಮುದ್ರಿಸಿ ಉಳಿಸಿದ ವಿದ್ವಾಂಸರ ಶ್ರಮವನ್ನು ಕನ್ನಡನಾಡು ಕೃತಜ್ಞತೆಯಿಂದ ನೆನೆಯುತ್ತದೆ. ಆ ಕಾವ್ಯಗಳನ್ನು ಓದಿದ ಜನ ಏನೆಂದುಕೊಂಡರು ಎಂಬ ಚರಿತ್ರೆಯನ್ನು ಮಾತ್ರ ನಾವು ಇನ್ನೂ ಬರೆದಿಲ್ಲ. ಬರೆಯಲು ಹೊರಡುವವರಿಗೆ ಇಂಥ ವಹಿಗಳು ಆಕರಗಳಾಗಬೇಕು. ಅವು ಯಾವ ಹಸ್ತಪ್ರತಿ ಭಂಡಾರದ ಸೂಚಿಯಲ್ಲಿಯೂ ಸಿಗುವುದಿಲ್ಲ, ಬೇಸಿಗೆಯ ರಜೆಯಲ್ಲಿ ರದ್ದಿಗೆ ಹೋಗುವ ಮುನ್ನ ಶಾಲೆಯ ಕಪಾಟುಗಳಲ್ಲಿ ಹುಡುಕಬೇಕು.

ಮಾರ್ಚಿನ ಪರೀಕ್ಷೆ ಮುಗಿಯಿತು. ಬಳೆಗಾರರ ಹುಡುಗ ತೇರ್ಗಡೆಯಾಗಿ ಚಿಕ್ಕೋಡಿಯ ಕಾಲೇಜಿಗೆ ಸೇರಿದ. ಅಂಕಪಟ್ಟಿಯನ್ನು ಒಯ್ಯಲು ಬಂದಾಗ, ಆ ಪ್ರಶ್ನೆಗೆ ಕೊನೆಗೆ ಏನು ಬರೆದೆ ಎಂದು ಮಾಸ್ತರರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಪಾಟಿನ ವಹಿಯನ್ನು ಒಮ್ಮೆ ತೆಗೆದು, ತನ್ನ ಪುಟ ಇನ್ನೂ ಇದೆಯೇ ಎಂದು ನೋಡಿ, ಹಾಗೆಯೇ ಇಟ್ಟು ಹೋದ.